ಪಾಳಿ ಯಾರ ಅನುಕೂಲಕ್ಕೆ? ಜೇವರ್ಗಿ ರಸ್ತೆಯ ಸಿಸ್ಟರುಗಳ ಲೆಕ್ಕ

'ನರ್ಸುಗಳು ಬೇಕಾಗಿದ್ದಾರೆ. ಜಿ.ಎನ್.ಎಂ. ಅಥವಾ ಬಿ.ಎಸ್ಸಿ. ನರ್ಸಿಂಗ್. ಪಾಳಿ ಅನುಕೂಲಕ್ಕೆ ತಕ್ಕಂತೆ.'

ಇಂಥ ಚೀಟಿಗಳಿಗೆ ಈಗ ಬರವಿಲ್ಲ. ಬಸ್ ಸ್ಟ್ಯಾಂಡಿನ ಕಂಬದ ಮೇಲೆ, ಔಷಧಿ ಅಂಗಡಿಯ ಗಾಜಿನ ಮೇಲೆ, ವಾಟ್ಸಾಪ್ ಗುಂಪುಗಳಲ್ಲಿ ಎಲ್ಲೆಂದರಲ್ಲಿ. ಓದಿದವರಿಗೆ ಆಸ್ಪತ್ರೆಯವರು ಕೈ ಮುಗಿದು ಕರೆಯುತ್ತಿದ್ದಾರೆ ಅನಿಸಬೇಕು. ಅದೇ ಹೊತ್ತಿಗೆ ಜೇವರ್ಗಿ ಊರೊಳಗೆ, ಆಂದೋಲಾ, ನೆಲೋಗಿ, ಇಜೇರಿ ಕಡೆಯ ಹಳ್ಳಿಗಳಲ್ಲಿ ನರ್ಸಿಂಗ್ ಪಾಸಾದ ಹೆಣ್ಣುಮಕ್ಕಳು ಮನೆಯಲ್ಲಿದ್ದಾರೆ. ಸುಮ್ಮನೆ ಕೂತಿಲ್ಲ ಬಿಡಿ. ರೊಟ್ಟಿ ಬಡಿಯುತ್ತಾರೆ, ತೊಗರಿ ರಾಶಿಗೆ ಹೋಗುತ್ತಾರೆ, ಓಣಿಯಲ್ಲಿ ಯಾರಿಗಾದರೂ ಬಿ.ಪಿ. ನೋಡಬೇಕಾದರೆ ಪುಕ್ಕಟೆ ನೋಡಿ ಕಳಿಸುತ್ತಾರೆ. ಪಗಾರ ಮಾತ್ರ ಇಲ್ಲ.

ಗೋದಾಮಿನಲ್ಲಿ ಮಾಲು ಬಿದ್ದಿದೆ, ಅಂಗಡಿಯಲ್ಲಿ ಮಾಲಿಲ್ಲ ಅಂದರೆ ವ್ಯಾಪಾರಿಗೆ ಮೊದಲ ಸಂಶಯ ಬರುವುದು ನಡುವಿನ ದಾರಿಯ ಮೇಲೆ. ಇಲ್ಲೂ ಹಾಗೇ. ಆಸ್ಪತ್ರೆಗೆ ನರ್ಸು ಬೇಕು, ನರ್ಸಿಗೆ ನೌಕರಿ ಬೇಕು, ನಡುವೆ ಸಿಕ್ಕಿಬಿದ್ದಿರುವುದು ಗಡಿಯಾರ. ಆ ಚೀಟಿಯಲ್ಲಿ ಬರೆದ 'ಅನುಕೂಲ' ಅನ್ನುವ ಮಾತಿನ ಒಳಗೇ ಗುಟ್ಟಿದೆ. ಯಾರ ಅನುಕೂಲ?

ಬಸ್ಸಿನ ಗಡಿಯಾರ, ದವಾಖಾನೆಯ ಗಡಿಯಾರ

ಜೇವರ್ಗಿಯಿಂದ ಕಲಬುರಗಿ ಸುಮಾರು 40 ಕಿಲೋಮೀಟರು. ನಡುವೆ ಕಟ್ಟಿಸಂಗಾವಿ ಹತ್ತಿರ ಭೀಮಾ ನದಿಯ ಸೇತುವೆ. ನೌಕರಿಗೆ ದಾರಿ ಅಂದರೆ ಇದೇ ದಾರಿ. ಯಾಕೆಂದರೆ ದೊಡ್ಡ ದವಾಖಾನೆಗಳೆಲ್ಲ ಆ ದಂಡೆಗೆ. ಸರಕಾರದ ಜಿಮ್ಸ್ ಅಲ್ಲಿದೆ, ಇ.ಎಸ್.ಐ. ಆಸ್ಪತ್ರೆ ಅಲ್ಲಿದೆ, ಎಚ್.ಕೆ.ಇ. ಸಂಸ್ಥೆಯ ಬಸವೇಶ್ವರ ಆಸ್ಪತ್ರೆ, ಕೆ.ಬಿ.ಎನ್. ಆಸ್ಪತ್ರೆ ಅಲ್ಲಿವೆ. 2024ರ ಡಿಸೆಂಬರಿನಲ್ಲಿ ಜಯದೇವ ಹೃದ್ರೋಗ ಸಂಸ್ಥೆಯ 371 ಹಾಸಿಗೆಗಳ ಹೊಸ ಆಸ್ಪತ್ರೆಯೂ ಅಲ್ಲೇ ಉದ್ಘಾಟನೆಯಾಯಿತು. ಇವುಗಳ ಸುತ್ತ ಹುಟ್ಟಿಕೊಂಡ ನರ್ಸಿಂಗ್ ಹೋಮುಗಳನ್ನು ಎಣಿಸುವುದು ನಮ್ಮಿಂದಾಗದು. ಆಳಂದ, ಅಫಜಲಪುರದವರಿಗೆ ಕಲಬುರಗಿ ಬಿಟ್ಟರೆ ಸೊಲ್ಲಾಪುರವೂ ಇದೆ. ನಮ್ಮ ಜೇವರ್ಗಿಯವರಿಗೆ ಸೊಲ್ಲಾಪುರ ದೂರ.

2023ರ ಜೂನ್ 11ರಂದು ಶಕ್ತಿ ಯೋಜನೆ ಬಂತು. ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೇಟಿನ ದುಡ್ಡಿಲ್ಲ. ಇದು ಸಣ್ಣ ಉಪಕಾರವಲ್ಲ. ಮೊದಲು ಪಗಾರದಲ್ಲಿ ಒಂದು ಪಾಲು ಕಂಡಕ್ಟರನ ಚೀಲಕ್ಕೇ ಹೋಗುತ್ತಿತ್ತು. ಈಗ ಅದು ಉಳಿಯಿತು. ಆದರೆ ಸರಕಾರ ಮಾಫಿ ಮಾಡಿದ್ದು ದುಡ್ಡನ್ನು. ಹೊತ್ತನ್ನು ಮಾಫಿ ಮಾಡುವುದು ಯಾವ ಮುಖ್ಯಮಂತ್ರಿಯ ಕೈಯಲ್ಲೂ ಇಲ್ಲ. ಹೊಳೆ ತುಂಬಿದರಂತೂ ಮುಗಿದೇ ಹೋಯಿತು. 2020ರ ಅಕ್ಟೋಬರಿನಲ್ಲಿ, ಮತ್ತೆ 2025ರ ಸೆಪ್ಟೆಂಬರಿನಲ್ಲಿ ಭೀಮಾ ಉಕ್ಕಿ ಬಂದಾಗ ಈ ದಾರಿಯವರು ಪಟ್ಟ ಪಾಡು ನೆನಪಿರಬೇಕು.

ಈಗ ದವಾಖಾನೆಯ ಗಡಿಯಾರ ನೋಡೋಣ. ದೊಡ್ಡ ಆಸ್ಪತ್ರೆಗಳಲ್ಲಿ ಸಾಮಾನ್ಯವಾಗಿ ಮೂರು ಪಾಳಿ. ಬೆಳಗ್ಗೆ 8ರಿಂದ ಮಧ್ಯಾಹ್ನ 2, ಮಧ್ಯಾಹ್ನ 2ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಗ್ಗೆ 8. ಆರು, ಆರು, ಹನ್ನೆರಡು. ಸಣ್ಣ ನರ್ಸಿಂಗ್ ಹೋಮುಗಳಲ್ಲಿ ಎರಡೇ ಪಾಳಿ: ಬೆಳಗ್ಗೆ 8ರಿಂದ ರಾತ್ರಿ 8, ರಾತ್ರಿ 8ರಿಂದ ಬೆಳಗ್ಗೆ 8. ಹನ್ನೆರಡು, ಹನ್ನೆರಡು.

ಆಂದೋಲಾ ಕಡೆಯ ಹಳ್ಳಿಯ ಒಬ್ಬ ಹೆಣ್ಣುಮಗಳು ಬೆಳಗಿನ 8ಕ್ಕೆ ಕಲಬುರಗಿಯ ವಾರ್ಡಿನಲ್ಲಿ ನಿಲ್ಲಬೇಕು ಅಂತಿಟ್ಟುಕೊಳ್ಳಿ. ಮೊದಲು ಜೇವರ್ಗಿಗೆ ಬರಬೇಕು, ಅಲ್ಲಿಂದ ಕಲಬುರಗಿ ಬಸ್ಸು, ಬಸ್ ಸ್ಟ್ಯಾಂಡಿನಿಂದ ಮತ್ತೆ ಆಟೋ ಅಥವಾ ಸಿಟಿ ಬಸ್ಸು. ಆರಕ್ಕೆ ಮನೆ ಬಿಟ್ಟರೂ ಎದೆ ಡವಡವ. ಆರಕ್ಕೆ ಬಿಡಬೇಕಾದರೆ ನಾಲ್ಕಕ್ಕೆ ಒಲೆ ಹಚ್ಚಬೇಕು, ಬುತ್ತಿ ಕಟ್ಟಬೇಕು. ಮಧ್ಯಾಹ್ನದ ಪಾಳಿಯಾದರೆ ಹೋಗುವುದು ಸಲೀಸು, ಬರುವುದು ಕಷ್ಟ. ಎಂಟಕ್ಕೆ ಡ್ಯೂಟಿ ಮುಗಿಯಿತು ಅಂದರೆ ಎಂಟಕ್ಕೆ ಹೊರಗೆ ಬಿದ್ದಳು ಅಂತ ತಿಳಿಯಬೇಡಿ. ಮುಂದಿನ ಪಾಳಿಯವಳು ಬರಬೇಕು, ಯಾವ ಹಾಸಿಗೆಗೆ ಯಾವ ಸಲಾಯಿನ್, ಯಾರಿಗೆ ಎಷ್ಟು ಜ್ವರ, ಯಾರಿಗೆ ಎಷ್ಟೊತ್ತಿಗೆ ಇಂಜೆಕ್ಷನ್ ಎಲ್ಲ ಒಪ್ಪಿಸಬೇಕು. ಅದಕ್ಕೆ ಅರ್ಧ ತಾಸು. ಜೇವರ್ಗಿಗೆ ಬಂದು ಇಳಿದ ಮೇಲೆ ಹಳ್ಳಿಗೆ ಹೋಗಲು ಏನು ಸಿಗುತ್ತದೆ ಅಂಬುದು ಅವಳ ಅದೃಷ್ಟ. ಮನೆಯವರು ಮೋಟಾರ್ ಸೈಕಲ್ ತೊಗೊಂಡು ಬಂದು ಕಾಯಬೇಕು. ದಿನಾ ಕಾಯುವ ಮನೆಯವರು ಎಷ್ಟು ಮಂದಿ?

ತಮಾಷೆಯ ಸಂಗತಿ ಅಂದರೆ ಬಸ್ಸಿನ ಲೆಕ್ಕದಲ್ಲಿ ರಾತ್ರಿ ಪಾಳಿಯೇ ಎಲ್ಲಕ್ಕಿಂತ ಸಸಾರ. ಸಂಜೆ ಬೆಳಕಿರುವಾಗ ಹೋಗಬಹುದು, ಬೆಳಗ್ಗೆ ಬಿಸಿಲು ಬಿದ್ದ ಮೇಲೆ ಬರಬಹುದು, ಎರಡೂ ಹೊತ್ತಿಗೆ ಬಸ್ಸಿವೆ. ಆದರೆ ಬೆಳಗ್ಗೆ ಬಂದವಳನ್ನು ಮಲಗಲು ಯಾರು ಬಿಡುತ್ತಾರೆ? ರಾತ್ರಿ ದುಡಿದು ಬಂದ ಗಂಡಸು ಹೊದ್ದು ಮಲಗಿದರೆ 'ಶ್, ಸಪ್ಪಳ ಮಾಡಬ್ಯಾಡ್ರಿ' ಅನ್ನುವ ಮನೆಯೇ, ಸೊಸೆ ಮಲಗಿದರೆ 'ಹೊತ್ತು ಏರ್ಯದ, ಇನ್ನಾ ಎದ್ದಿಲ್ಲ' ಅನ್ನುತ್ತದೆ. ಇದು ದವಾಖಾನೆಯವರ ತಪ್ಪಲ್ಲ. ನಮ್ಮ ನಮ್ಮ ಮನೆಯ ತಪ್ಪು.

ಸಡಿಲ ಪಾಳಿ ಅಂದರೇನು?

ಚೀಟಿಯಲ್ಲಿ 'ಅನುಕೂಲಕ್ಕೆ ತಕ್ಕಂತೆ' ಅಂತ ಇರುತ್ತದೆಯಲ್ಲ, ಇದರ ಅರ್ಥ ಎರಡಿವೆ. ನರ್ಸು ತಿಳಿಯುವ ಅರ್ಥ: ನನಗೆ ಆಗುವ ಹೊತ್ತಿಗೆ ಡ್ಯೂಟಿ ಕೊಡುತ್ತಾರೆ. ಮಾಲೀಕರು ತಿಳಿಯುವ ಅರ್ಥ: ನಾವು ಕರೆದ ಹೊತ್ತಿಗೆ ನೀನು ಬರಬೇಕು. ಸೋಮವಾರ ಹಗಲು, ಮಂಗಳವಾರ 'ನಾಳಿ ನೈಟ್ ನಿಂದು', ಬುಧವಾರ 'ಒಬ್ಬಾಕಿ ಬಂದಿಲ್ಲ, ಇವತ್ತು ಎರಡೂ ಪಾಳಿ ನೋಡ್ಕೊ'. ಹಗ್ಗ ಸಡಿಲ ಬಿಟ್ಟಿದ್ದಾರೆ ನಿಜ, ತುದಿ ಅವರ ಕೈಯಲ್ಲೇ ಇದೆ.

ಹೀಗಾಗಿ ನನ್ನ ಅಭಿಪ್ರಾಯ ಬೇರೆ. ನಮ್ಮ ಕಡೆಯ ನರ್ಸಿಗೆ ಬೇಕಾದದ್ದು ಸಡಿಲ ಪಾಳಿ ಅಲ್ಲ, ಗಟ್ಟಿ ಪಾಳಿ. ಮುಂದಿನ ಹದಿನೈದು ದಿನ ಯಾವತ್ತು ಹಗಲು, ಯಾವತ್ತು ರಾತ್ರಿ, ಯಾವತ್ತು ಸೂಟಿ ಅಂತ ಗೋಡೆಯ ಮೇಲೆ ಪಟ್ಟಿ ಬಿದ್ದರೆ ಸಾಕು, ಅರ್ಧ ತೊಂದರೆ ಅಲ್ಲೇ ಮುಗಿಯಿತು. ಮಗುವನ್ನು ಯಾರ ಹತ್ತಿರ ಬಿಡಬೇಕು, ಜೋಳ ಯಾವತ್ತು ಬೀಸಿಕೊಂಡು ಬರಬೇಕು, ತವರಿಗೆ ಯಾವತ್ತು ಹೋಗಬೇಕು ಎಲ್ಲಾ ಹೊಂದಿಸಿಕೊಳ್ಳುವ ಜಾಣ್ಮೆ ಅವರಿಗಿದೆ. ಪಟ್ಟಿಯೇ ಇಲ್ಲದಿದ್ದರೆ ಏನನ್ನು ಹೊಂದಿಸುವುದು? ಪಟ್ಟಿ ಬಿದ್ದ ಮೇಲೆ ಇಬ್ಬರು ಸಿಸ್ಟರುಗಳು ತಮ್ಮತಮ್ಮೊಳಗೆ ಪಾಳಿ ಅದಲು ಬದಲು ಮಾಡಿಕೊಳ್ಳಲು ಬಿಟ್ಟರೆ ಆಯಿತು, ನಿಜವಾದ ಅನುಕೂಲ ಅಂದರೆ ಅದೇ.

ಇದಕ್ಕೆ ಮಾಲೀಕರು ಯಾಕೆ ಒಪ್ಪುವುದಿಲ್ಲ? ಕೆಟ್ಟತನ ಅಂತ ಬೈದು ಮುಗಿಸಬಹುದು. ಆದರೆ ಬೈಗುಳದಿಂದ ಲೆಕ್ಕ ಹರಿಯುವುದಿಲ್ಲ. ಲೆಕ್ಕ ಹಾಕೋಣ ಬನ್ನಿ, ಓದುಗರಲ್ಲಿ ಅಂಗಡಿಕಾರರಿದ್ದೀರಿ, ತಪ್ಪಿದರೆ ತಿದ್ದಿ.

ವಾರಕ್ಕೆ 168 ತಾಸು. ಒಂದು ವಾರ್ಡಿನಲ್ಲಿ ಹಗಲೂ ರಾತ್ರಿ ಒಬ್ಬ ನರ್ಸು ನಿಂತಿರಬೇಕು ಅಂದರೆ ಈ 168 ತಾಸನ್ನೂ ತುಂಬಬೇಕು. ಒಬ್ಬರು ದಿನಕ್ಕೆ 8 ತಾಸಿನಂತೆ ಆರು ದಿನ, ಅಂದರೆ ವಾರಕ್ಕೆ 48 ತಾಸು ದುಡಿದರೆ ಆ ಒಂದು ಜಾಗಕ್ಕೆ ಮೂರೂವರೆ ಮಂದಿ ಬೇಕು. ಜಡ್ಡು-ಜಾಪತ್ರೆ, ಮದುವೆ-ಮುಂಜಿ, ಹೆರಿಗೆ ಎಲ್ಲ ಸೇರಿಸಿದರೆ ನಾಲ್ಕೂವರೆ. ಅದೇ 12 ತಾಸಿನಂತೆ ಆರು ದಿನ ದುಡಿಸಿದರೆ ಎರಡೂ ಕಾಲು ಮಂದಿ ಚಿಲ್ಲರೆಯಲ್ಲಿ ಮುಗಿಯಿತು. ವಾರದ ಸೂಟಿಯನ್ನೂ ನುಂಗಿದರೆ ಇಬ್ಬರೇ ಸಾಕು!

ನಾಲ್ಕೂವರೆ ಮಂದಿಯ ಕೆಲಸವನ್ನು ಇಬ್ಬರ ಹೆಗಲಿಗೆ ಹಾಕಿದ ಮೇಲೆ ಅವರಲ್ಲಿ ಒಬ್ಬಳು 'ಸರ್, ನಾಳೆ ಮಗನ ಶಾಲೆಯಲ್ಲಿ ಕರೆದಿದ್ದಾರೆ, ಎರಡು ತಾಸು ಬಿಡಿ' ಅಂದರೆ ಡಾಕ್ಟರ ಸಾಹೇಬರು ಎಲ್ಲಿಂದ ಬಿಡಬೇಕು? ಬಿಡುವ ಮನಸ್ಸಿದ್ದರೂ ಬಿಡುವ ಕೈ ಇಲ್ಲ. ಹೊಂದಾಣಿಕೆ ಅನ್ನುವುದು ಮನಸ್ಸಿನ ಮಾತಲ್ಲ, ಕೈಗಳ ಸಂಖ್ಯೆಯ ಮಾತು. ಭಾರತೀಯ ನರ್ಸಿಂಗ್ ಪರಿಷತ್ತು ಇದನ್ನು ತಿಳಿದೇ ಹೇಳಿದೆ: ಕಲಿಸುವ ಆಸ್ಪತ್ರೆಗಳಲ್ಲಿ ಮೂರು ರೋಗಿಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಗಳಲ್ಲಿ ಐದು ರೋಗಿಗಳಿಗೆ ಒಬ್ಬರು, ಅದರ ಮೇಲೆ ರಜೆಯ ಸಲುವಾಗಿ ನೂರಕ್ಕೆ ಮೂವತ್ತು ಮಂದಿ ಹೆಚ್ಚುವರಿ. ಈ ಮೂವತ್ತೇ ಅನುಕೂಲದ ಪಾಳಿಯ ಬೀಜ. ಚೀಟಿ ಅಂಟಿಸುವ ಆಸ್ಪತ್ರೆಗಳಲ್ಲಿ ಎಷ್ಟರಲ್ಲಿ ಈ ಮೂವತ್ತು ಇದೆ ಅಂತ ಕೇಳಿ ನೋಡಿ, ಉತ್ತರ ಬರುವ ಮೊದಲು ಚಹಾ ಬರುತ್ತದೆ.

ಪಗಾರದ ಲೆಕ್ಕವೂ ಇದರ ಬೆನ್ನಿಗೇ ಇದೆ. ಉದಾಹರಣೆಗೆ ತಿಂಗಳಿಗೆ 12,000 ರೂಪಾಯಿ ಪಗಾರ ಹಿಡಿಯೋಣ. ದಿನಕ್ಕೆ 12 ತಾಸು, 26 ದಿನ, ಒಟ್ಟು 312 ತಾಸು. ತಾಸಿಗೆ ಬಿದ್ದದ್ದು 38 ರೂಪಾಯಿ. ಅದೇ 20,000 ರೂಪಾಯಿ ಪಗಾರ, 8 ತಾಸಿನ ಡ್ಯೂಟಿ ಆದರೆ 208 ತಾಸಿಗೆ ತಾಸೊಂದಕ್ಕೆ 96 ರೂಪಾಯಿ. ತಿಂಗಳಿಗೆ 104 ತಾಸು ಹೆಚ್ಚು ದುಡಿದು, ಅಂದರೆ 8 ತಾಸಿನ 13 ದಿನ ಹೆಚ್ಚು ದುಡಿದು, ಅರ್ಧಕ್ಕಿಂತ ಕಡಿಮೆ ದರ. ಹಮಾಲಿ ಕೆಲಸಕ್ಕೂ ಯಾರೂ ಈ ಲೆಕ್ಕಕ್ಕೆ ಬರಲಿಕ್ಕಿಲ್ಲ.

20,000 ನಾನು ಹುಟ್ಟಿಸಿದ ಅಂಕಿಯಲ್ಲ. 2016ರ ಜನವರಿಯಲ್ಲಿ ಸುಪ್ರೀಂ ಕೋರ್ಟು ಖಾಸಗಿ ನರ್ಸುಗಳ ಸ್ಥಿತಿ ನೋಡಲು ಸಮಿತಿ ಮಾಡಿ ಅಂತ ಕೇಂದ್ರಕ್ಕೆ ಹೇಳಿತು. ಜಗದೀಶ್ ಪ್ರಸಾದ್ ನೇತೃತ್ವದ ಸಮಿತಿ ಕೊಟ್ಟ ಶಿಫಾರಸು ಹೀಗಿದೆ: 200ಕ್ಕಿಂತ ಹೆಚ್ಚು ಹಾಸಿಗೆಯ ಆಸ್ಪತ್ರೆಯಲ್ಲಿ ಸರಕಾರಿ ನರ್ಸಿನಷ್ಟೇ ಪಗಾರ, 100ಕ್ಕಿಂತ ಹೆಚ್ಚಿದ್ದರೆ ಅದಕ್ಕಿಂತ ನೂರಕ್ಕೆ 10ರಷ್ಟು ಮಾತ್ರ ಕಡಿಮೆ, 50ರಿಂದ 100 ಹಾಸಿಗೆಗೆ ನೂರಕ್ಕೆ 25ರಷ್ಟು ಕಡಿಮೆ, 50ಕ್ಕಿಂತ ಸಣ್ಣದಾದರೂ 20,000ಕ್ಕೆ ಇಳಿಯಬಾರದು. ಪಗಾರ ಒಂದೇ ಅಲ್ಲ, ಡ್ಯೂಟಿ ತಾಸು, ರಜೆ, ಓಡಾಟದ ವ್ಯವಸ್ಥೆ ಎಲ್ಲವೂ ಸರಕಾರಿ ನರ್ಸುಗಳ ಸಮಕ್ಕೆ ಇರಬೇಕು ಅಂತಲೂ ಹೇಳಿತು. ಶಿಫಾರಸು ರಾಜ್ಯಗಳಿಗೆ ಬಂತು. ಕೇರಳದಲ್ಲಿ ನರ್ಸುಗಳು ಬೀದಿಗಿಳಿದರು, 2018ರಲ್ಲಿ ಅಲ್ಲಿನ ಸರಕಾರ ಕನಿಷ್ಠ 20,000 ಅಂತ ಅಧಿಸೂಚನೆಯನ್ನೇ ಹೊರಡಿಸಬೇಕಾಯಿತು. ನಮ್ಮಲ್ಲಿ ಬೀದಿಗಿಳಿಯಲು ಮೊದಲು ಡ್ಯೂಟಿಯಿಂದ ಬಿಡುವು ಸಿಗಬೇಕಲ್ಲ!

ಮಾಲೀಕರ ಮಾತೂ ಕೇಳೋಣ

ಸಣ್ಣ ನರ್ಸಿಂಗ್ ಹೋಮ್ ನಡೆಸುವವರು ಎಲ್ಲರೂ ಕುಬೇರರಲ್ಲ. ಹತ್ತಿಪ್ಪತ್ತು ಹಾಸಿಗೆ, ಬ್ಯಾಂಕಿನ ಸಾಲ, ಕರೆಂಟು ಬಿಲ್ಲು. ಅವರ ದೊಡ್ಡ ದೂರು ಒಂದೇ: ಹುಡುಗಿಯನ್ನು ತಯಾರು ಮಾಡುತ್ತೇವೆ, ಐ.ಸಿ.ಯು. ಕೆಲಸ ಕಲಿಸುತ್ತೇವೆ, ವರ್ಷ ತುಂಬುವುದರೊಳಗೆ ಬೆಂಗಳೂರಿಗೋ ದುಬೈಗೋ ಹೋಗುತ್ತಾಳೆ, ಇಲ್ಲವೇ ಮದುವೆಯಾಗಿ ಬಿಡುತ್ತಾಳೆ. ದೂರಿನಲ್ಲಿ ಸತ್ಯವಿದೆ. ಆದರೆ ಅದರೊಳಗೇ ಇನ್ನೊಂದು ಲೆಕ್ಕ ಅಡಗಿದೆ. ಬೆಂಗಳೂರಿಗೆ ಹೋಗುವವಳನ್ನು ಹಿಡಿಯುವುದು ಕಷ್ಟ. ಮದುವೆಯಾಗಿ ಬಿಡುವವಳು ಎಲ್ಲಿ ಹೋಗುತ್ತಾಳೆ? ಎಲ್ಲೂ ಇಲ್ಲ. ಇದೇ ಜೇವರ್ಗಿಯಲ್ಲಿ, ಇದೇ ಅಫಜಲಪುರದಲ್ಲಿ, ಆಸ್ಪತ್ರೆಯಿಂದ ಎರಡು ಓಣಿ ಆಚೆ ಇರುತ್ತಾಳೆ. ಅವಳಿಗೆ ಬೆಂಗಳೂರು ಬೇಡ, ದುಬೈ ಬೇಡ, 12 ತಾಸು ಮಾತ್ರ ಆಗುವುದಿಲ್ಲ. ಬೆಳಗ್ಗೆ 9ರಿಂದ ಮಧ್ಯಾಹ್ನ 3ರ ತನಕ, ಮಕ್ಕಳು ಶಾಲೆಯಿಂದ ಬರುವ ಮೊದಲು ಬಿಡಿ ಅಂದರೆ ನಾಳೆಯೇ ಬರುತ್ತಾಳೆ. ಓ.ಪಿ.ಡಿ.ಯ ಗದ್ದಲ ಇರುವುದೂ ಅದೇ ಹೊತ್ತಿನಲ್ಲಿ. ಡ್ರೆಸ್ಸಿಂಗು, ಲಸಿಕೆ, ಗರ್ಭಿಣಿಯರ ತಪಾಸಣೆ ಎಲ್ಲ ಆಗುವುದು ಆಗಲೇ. ಅವಳಿಗೆ ಅರ್ಧ ಪಗಾರ ಕೊಟ್ಟರೂ ಇಬ್ಬರಿಗೂ ನಷ್ಟವಿಲ್ಲ.

ಕಿರಾಣಿ ಅಂಗಡಿಯವನು ಸಂತೆಯ ದಿನ ಹೆಚ್ಚಿಗೆ ಹುಡುಗನನ್ನು ನಾಲ್ಕು ತಾಸಿಗೆ ಕರೆದುಕೊಳ್ಳುವುದಿಲ್ಲವೇ? ಆ ಬುದ್ಧಿ ದವಾಖಾನೆಗೆ ಯಾಕೆ ಬರಬಾರದು?

ಇಂಗ್ಲೆಂಡಿನಲ್ಲಿ ಇದನ್ನು ಒಂದು ಪದ್ಧತಿಯನ್ನೇ ಮಾಡಿಕೊಂಡಿದ್ದಾರೆ. ಅಲ್ಲಿನ ಸರಕಾರಿ ಆಸ್ಪತ್ರೆಗಳು ನರ್ಸುಗಳ 'ಬ್ಯಾಂಕ್' ಇಟ್ಟುಕೊಂಡಿರುತ್ತವೆ. ದುಡ್ಡಿನ ಬ್ಯಾಂಕಲ್ಲ, ಹೆಸರಿನ ಬ್ಯಾಂಕು. ತಮಗೆ ಯಾವ ದಿನ, ಯಾವ ಹೊತ್ತು ಆಗುತ್ತದೆ ಅಂತ ನರ್ಸುಗಳು ಹೇಳಿಟ್ಟಿರುತ್ತಾರೆ, ಕೈ ಕಡಿಮೆ ಬಿದ್ದ ದಿನ ಆಸ್ಪತ್ರೆ ಅವರನ್ನು ಕರೆಯುತ್ತದೆ, ದುಡಿದ ತಾಸಿಗೆ ಪಗಾರ. ಇದಲ್ಲದೆ 2021ರ ಸೆಪ್ಟೆಂಬರಿನಿಂದ ಅಲ್ಲಿನ ಸರಕಾರಿ ಆರೋಗ್ಯ ಸೇವೆಯ ನೌಕರರು ಸೇರಿದ ಮೊದಲ ದಿನದಿಂದಲೇ ಬೇರೆ ಹೊತ್ತಿನ ಡ್ಯೂಟಿ ಕೇಳಬಹುದು. 2024ರ ಏಪ್ರಿಲಿನಿಂದ ಆ ದೇಶದ ಎಲ್ಲಾ ನೌಕರರಿಗೂ ಈ ಹಕ್ಕು ಬಂದಿದೆ. ಕೇಳುವ ಹಕ್ಕು ಅಷ್ಟೇ, ಕೊಡಲೇಬೇಕೆಂದಿಲ್ಲ. ಇಲ್ಲ ಅಂದರೆ ಕಾರಣ ಹೇಳಬೇಕು. ನಮ್ಮಲ್ಲಿ ಕೇಳಿದವಳಿಗೆ ಸಿಗುವ ಕಾರಣ ಗೊತ್ತೇ ಇದೆ: 'ಆಗದಿದ್ರ ಬಿಟ್ಟು ಹೋಗು, ಹೊರಗ ಸಾಲು ನಿಂತಾವ.' ಸಾಲು ನಿಂತಿದ್ದರೆ ಕಂಬಕ್ಕೆ ಚೀಟಿ ಯಾಕೆ ಅಂಟಿಸುತ್ತಿದ್ದಿರಿ ಸ್ವಾಮಿ?

ಸರಕಾರಿ ನೌಕರಿಯ ಆಸೆ

ಹೀಗಿರುವಾಗ ಎಲ್ಲರ ಕಣ್ಣೂ ಸರಕಾರಿ ನೌಕರಿಯ ಮೇಲೆ. ಅದು ತಪ್ಪಲ್ಲ. ಸಂವಿಧಾನದ 371(ಜೆ) ಬಂದ ಮೇಲೆ ನಮ್ಮ ಕಲ್ಯಾಣ ಕರ್ನಾಟಕದ ಸಿ ಗುಂಪಿನ ಹುದ್ದೆಗಳಲ್ಲಿ ನೂರಕ್ಕೆ 80 ಸ್ಥಳೀಯರಿಗೆ ಮೀಸಲು. ಅರ್ಹತಾ ಪ್ರಮಾಣಪತ್ರ ಮಾಡಿಸಿಕೊಳ್ಳದೆ ಅರ್ಜಿ ಹಾಕುವ ದಿನ ತಹಸೀಲಿ ಕಚೇರಿಗೆ ಓಡುವವರು ಇನ್ನೂ ಇದ್ದಾರೆ. ಅಂಥವರಿಗೆ ಏನು ಹೇಳುವುದು. ಸರಕಾರಿ ವಾರ್ಡಿನಲ್ಲೂ ರಾತ್ರಿ ಪಾಳಿ ಇದೆ, ಆದರೆ ರಾತ್ರಿ ಆದ ಮೇಲೆ ಬಿಡುವು ಇದೆ, ರಜೆಗೆ ಹೆಸರಿದೆ, ಪಟ್ಟಿ ಗೋಡೆಯ ಮೇಲಿದೆ. ಹುದ್ದೆ ಕರೆಯುವುದೇ ಅಪರೂಪ, ಅದೊಂದು ತೊಂದರೆ.

ರಾತ್ರಿಯೇ ಬೇಡ ಅನ್ನುವವರಿಗೆ ಬೇರೆ ಬಾಗಿಲುಗಳೂ ಇವೆ. ಹಳ್ಳಿಯ ಉಪಕೇಂದ್ರಗಳಲ್ಲಿ ಸಮುದಾಯ ಆರೋಗ್ಯ ಅಧಿಕಾರಿ ಅನ್ನುವ ಹುದ್ದೆ ಬಂದಿದೆ. ನರ್ಸಿಂಗ್ ಓದಿದವರೇ ಅದಕ್ಕೆ ಬೇಕು. ಹಗಲು ಕೆಲಸ, ಬಿ.ಪಿ., ಸಕ್ಕರೆ ಕಾಯಿಲೆ, ಬಾಣಂತಿಯರ ಆರೈಕೆ. ನಗರಗಳಲ್ಲಿ 2022ರ ಡಿಸೆಂಬರಿನಲ್ಲಿ ಶುರುವಾದ ನಮ್ಮ ಕ್ಲಿನಿಕ್‌ಗಳಿವೆ. ಬೆಳಗ್ಗೆ 9ರಿಂದ ಸಂಜೆ ನಾಲ್ಕೂವರೆ, ಒಬ್ಬ ಡಾಕ್ಟರು, ಒಬ್ಬ ನರ್ಸು, ಒಬ್ಬ ಲ್ಯಾಬಿನವರು. ಜೇವರ್ಗಿ ಬಸ್ಸಿನವರಿಗೆ ಇದಕ್ಕಿಂತ ಒಳ್ಳೇ ಹೊತ್ತು ಬೇರೆ ಇಲ್ಲ. ಎರಡೂ ಗುತ್ತಿಗೆಯ ನೌಕರಿ, ವರ್ಷ ವರ್ಷ ಮುಂದುವರಿಸಬೇಕು, ಅದರ ತಲೆಬೇನೆ ಬೇರೆ. ಆದರೂ ಈ ಹುದ್ದೆಗಳಿಗೆ ಹೆಣ್ಣುಮಕ್ಕಳು ಮುಗಿಬೀಳುತ್ತಾರೆ. ಗುತ್ತಿಗೆ ಆದರೂ ಆಗಲಿ, ಹೊತ್ತು ಗಟ್ಟಿ ಇದೆ ಅಂತ. ನಾನು ಮೊದಲು ಹೇಳಿದ ಮಾತಿಗೆ ಇದಕ್ಕಿಂತ ಸಾಕ್ಷಿ ಬೇಕಿಲ್ಲ.

ಖಾಸಗಿಯಲ್ಲೂ ಹಗಲಿನ ಕೆಲಸಗಳುಂಟು. ಡಯಾಲಿಸಿಸ್ ಕೇಂದ್ರ, ಕಣ್ಣಿನ ದವಾಖಾನೆ, ಹಲ್ಲಿನ ದವಾಖಾನೆ, ರಕ್ತನಿಧಿ, ವಿಮಾ ಕಾಗದ ನೋಡುವ ವಿಭಾಗ, ನರ್ಸಿಂಗ್ ಕಾಲೇಜಿನಲ್ಲಿ ಪಾಠ. ವಾರ್ಡಿನ ಹೊರಗೆ ಕಣ್ಣು ಹಾಯಿಸದೆ 'ನೈಟ್ ಇಲ್ಲದ ನೌಕರಿ ಇಲ್ಲ' ಅಂತ ಕೂರುವುದೂ ಸರಿಯಲ್ಲ.

ಕಾಯ್ದೆ ಇದೆ, ಕೇಳುವವರಿಲ್ಲ

2025ರ ನವೆಂಬರ್ 21ರಿಂದ ದೇಶದಲ್ಲಿ ನಾಲ್ಕು ಹೊಸ ಕಾರ್ಮಿಕ ಸಂಹಿತೆಗಳು ಜಾರಿಗೆ ಬಂದಿವೆ. ಅವುಗಳಲ್ಲಿ ನಮ್ಮ ಸಿಸ್ಟರುಗಳಿಗೆ ತಾಗುವ ಮಾತುಗಳಿವೆ. ನೌಕರಿಗೆ ಸೇರಿಸಿಕೊಂಡವರು ನೇಮಕಾತಿ ಪತ್ರ ಕೊಡಬೇಕು. ಸಂಜೆ 7ರ ನಂತರ, ಬೆಳಗಿನ 6ಕ್ಕೆ ಮೊದಲು ಹೆಂಗಸರನ್ನು ದುಡಿಸಬೇಕಾದರೆ ಅವರ ಒಪ್ಪಿಗೆ ಬೇಕು, ಸುರಕ್ಷತೆಯ ವ್ಯವಸ್ಥೆ ಬೇಕು. ಹೆರಿಗೆಗೆ 26 ವಾರದ ರಜೆ ಅನ್ನುವುದು 2017ರ ತಿದ್ದುಪಡಿಯಲ್ಲೇ ಬಂದಿತ್ತು, ಹೊಸ ಸಂಹಿತೆಯಲ್ಲೂ ಹಾಗೇ ಇದೆ. ಮಗುವಿಗೆ 15 ತಿಂಗಳು ತುಂಬುವ ತನಕ ದಿನಕ್ಕೆ ಎರಡು ಸಲ ಹಾಲುಣಿಸಲು ಬಿಡುವು ಕೊಡಬೇಕು. 50 ಮಂದಿ ದುಡಿಯುವ ಕಡೆ ಕೂಸಿನ ಮನೆ ಇರಬೇಕು, ತಾಯಿ ದಿನಕ್ಕೆ ನಾಲ್ಕು ಸಲ ಹೋಗಿ ನೋಡಬಹುದು.

ಇನ್ನೊಬ್ಬರ ಕೂಸಿಗೆ ಮೂರು ತಾಸಿಗೊಮ್ಮೆ ಹಾಲು ಕುಡಿಸಿ ಅಂತ ಬಾಣಂತಿಯರಿಗೆ ಹೇಳುವ ನರ್ಸು ತನ್ನ ಕೂಸನ್ನು 40 ಕಿಲೋಮೀಟರು ದೂರ ಬಿಟ್ಟು ಬಂದಿರುತ್ತಾಳೆ. ಕೂಸಿನ ಮನೆ ಇದ್ದರೆ ಅದನ್ನು ಬಸ್ಸಿನಲ್ಲಿ ಎತ್ತಿಕೊಂಡೇ ಬರುತ್ತಿದ್ದಳು.

ಒಪ್ಪಿಗೆ ಅನ್ನುವ ಮಾತಿಗೆ ಮಾತ್ರ ಸ್ವಲ್ಪ ನಿಲ್ಲಬೇಕು. ನೇಮಕಾತಿ ಪತ್ರದ ಜೊತೆಗೇ 'ರಾತ್ರಿ ಪಾಳಿಗೆ ನನ್ನ ಒಪ್ಪಿಗೆ ಇದೆ' ಅನ್ನುವ ಕಾಗದಕ್ಕೂ ಸಹಿ ಮಾಡಿಸಿಕೊಂಡರೆ ಅದು ಒಪ್ಪಿಗೆಯೇ? ನೌಕರಿ ಬೇಕಾದವಳು ಬೇಡ ಅನ್ನುತ್ತಾಳೆಯೇ? ಹಾಗಂತ ಹೆಂಗಸರಿಗೆ ರಾತ್ರಿಯೇ ಬೇಡ ಅಂದುಬಿಟ್ಟರೆ ವಾರ್ಡು ಖಾಲಿ. 2024ರ ಆಗಸ್ಟಿನಲ್ಲಿ ಕೊಲ್ಕತ್ತಾದ ಆರ್.ಜಿ. ಕರ್ ಆಸ್ಪತ್ರೆಯಲ್ಲಿ ತರಬೇತಿಯಲ್ಲಿದ್ದ ವೈದ್ಯೆಯ ಕೊಲೆಯಾದ ಮೇಲೆ ಪಶ್ಚಿಮ ಬಂಗಾಳ ಸರಕಾರ ಹೆಂಗಸರಿಗೆ ರಾತ್ರಿ ಪಾಳಿ ಆದಷ್ಟು ತಪ್ಪಿಸಬೇಕು ಅಂತ ಹೊರಟಿತ್ತು. ಸುಪ್ರೀಂ ಕೋರ್ಟು ಒಪ್ಪಲಿಲ್ಲ. ಭದ್ರತೆ ಕೊಡುವುದು ನಿಮ್ಮ ಕೆಲಸ, ಅವರನ್ನು ಮನೆಯಲ್ಲಿ ಕೂರಿಸುವುದಲ್ಲ ಎಂಬ ಅರ್ಥದ ಮಾತು ಹೇಳಿತು. ಸರಿಯಾದ ಮಾತು. ನಮ್ಮ ಉತ್ತರ ಕನ್ನಡದ ಹಳದೀಪುರದ ಅರುಣಾ ಶಾನಭಾಗರನ್ನು ಮರೆಯಲಾದೀತೆ? 1973ರ ನವೆಂಬರಿನಲ್ಲಿ ಮುಂಬಯಿಯ ಕೆ.ಇ.ಎಂ. ಆಸ್ಪತ್ರೆಯಲ್ಲಿ ಡ್ಯೂಟಿ ಮುಗಿಸಿ ಬಟ್ಟೆ ಬದಲಿಸಲು ಹೋದಲ್ಲಿ ದಾಳಿಯಾಯಿತು. 2015ರ ಮೇ ತಿಂಗಳಲ್ಲಿ ತೀರಿಕೊಳ್ಳುವ ತನಕ 42 ವರ್ಷ ಹಾಸಿಗೆಯ ಮೇಲೆ. ಆ ಎಲ್ಲಾ ವರ್ಷ ಅವರನ್ನು ನೋಡಿಕೊಂಡವರೂ ಆ ಆಸ್ಪತ್ರೆಯ ನರ್ಸುಗಳೇ. ಬಟ್ಟೆ ಬದಲಿಸಲು ಬಾಗಿಲಿರುವ ಒಂದು ಕೋಣೆ, ಒಳಗಿನಿಂದ ಚಿಲಕ, ಇದು ದೊಡ್ಡ ಬೇಡಿಕೆಯೇ?

ಕಲಬುರಗಿಯಲ್ಲಿ ಯಾರು ಏನು ಮಾಡಬಹುದು? ಖಾಸಗಿ ವೈದ್ಯಕೀಯ ಸಂಸ್ಥೆಗಳ ನೋಂದಣಿ ಪ್ರಾಧಿಕಾರಕ್ಕೆ ಜಿಲ್ಲಾಧಿಕಾರಿಗಳೇ ಅಧ್ಯಕ್ಷರು. ನೋಂದಣಿ ನವೀಕರಣಕ್ಕೆ ಬಂದವರನ್ನು ಹಾಸಿಗೆ ಎಷ್ಟು, ಆಪರೇಷನ್ ಕೋಣೆ ಎಷ್ಟು ಅಂತ ಕೇಳುವಾಗ, ಕಳೆದ ಮೂರು ತಿಂಗಳ ನರ್ಸುಗಳ ಡ್ಯೂಟಿ ಪಟ್ಟಿ ತೋರಿಸಿ ಅಂದರೆ ಸಾಕು. ಒಂದೇ ಹೆಸರು ಹಗಲಿಗೂ ರಾತ್ರಿಗೂ ಕಂಡರೆ ಮುಂದಿನದನ್ನು ಕೇಳಬೇಕಾಗಿಯೂ ಇಲ್ಲ. ಇದು ನರ್ಸುಗಳ ಮೇಲಿನ ಕರುಣೆಯ ಪ್ರಶ್ನೆಯಲ್ಲ. ಹದಿನೈದನೇ ತಾಸಿನಲ್ಲಿ ನಿಂತಿರುವವಳು ನಿಮ್ಮ ತಂದೆಗೆ ಇಂಜೆಕ್ಷನ್ ಎಳೆಯುತ್ತಿದ್ದಾಳೆ ಅನ್ನುವುದು ನೆನಪಿರಲಿ. ನರ್ಸುಗಳಿಗೆ ಎರಡು ಪಾಳಿಯ ನಡುವೆ ಕನಿಷ್ಠ 12 ತಾಸು ವಿಶ್ರಾಂತಿ ಇರಬೇಕೆಂದು ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 1977ರಲ್ಲೇ ಶಿಫಾರಸು ಮಾಡಿದ್ದು ಸುಮ್ಮನೆ ಅಲ್ಲ.

ಇನ್ನು ಸಾರಿಗೆ ನಿಗಮ. ಕಲ್ಯಾಣ ಕರ್ನಾಟಕ ಸಾರಿಗೆಯ ಮುಖ್ಯ ಕಚೇರಿ ಇರುವುದೇ ಕಲಬುರಗಿಯಲ್ಲಿ. ದೊಡ್ಡ ಆಸ್ಪತ್ರೆಗಳವರು ನಾಲ್ಕು ಮಂದಿ ಕೂತು, ಜೇವರ್ಗಿ, ಆಳಂದ, ಅಫಜಲಪುರ ಈ ಮೂರು ದಾರಿಗಳಿಂದ ನಮ್ಮಲ್ಲಿಗೆ ಎಷ್ಟು ಮಂದಿ ಬರುತ್ತಾರೆ, ಯಾವ ಹೊತ್ತಿಗೆ ಬಿಡುತ್ತೇವೆ ಅಂತ ಒಂದು ಕಾಗದ ಕೊಟ್ಟರೆ ರಾತ್ರಿಯ ಒಂದು ಬಸ್ಸನ್ನು ಹಿಂದೆ ಮುಂದೆ ಮಾಡುವುದು ಅಸಾಧ್ಯವಲ್ಲ. ಅಥವಾ ಬಸ್ಸು ಅಲುಗಾಡುವುದಿಲ್ಲ ಅಂದರೆ ಪಾಳಿಯನ್ನೇ ಅರ್ಧ ತಾಸು ಸರಿಸಲಿ. ಎಂಟರ ಬದಲು ಏಳೂವರೆಗೆ ಬಿಟ್ಟರೆ ಯಾವ ರೋಗಿಯೂ ಅದಕ್ಕಾಗಿ ಸಾಯುವುದಿಲ್ಲ. ಎಂಟು ಗಂಟೆ ಅನ್ನುವುದು ಯಾರೋ ಒಮ್ಮೆ ಬರೆದಿಟ್ಟದ್ದು, ಶಾಸನವಲ್ಲ.

ಈಗ ನೌಕರಿ ಹುಡುಕುತ್ತಿರುವ ಅಕ್ಕ-ತಂಗಿಯರಿಗೆ, ಬ್ರದರುಗಳಿಗೂ ಸೇರಿ, ನಾಲ್ಕು ಮಾತು. ಇಂಟರ್‌ವ್ಯೂದಲ್ಲಿ ಅವರು ನಿಮ್ಮನ್ನು ಕೇಳುವಷ್ಟೇ ನೀವೂ ಕೇಳಿ. ಪಾಳಿ ಅನುಕೂಲಕ್ಕೆ ತಕ್ಕಂತೆ ಅಂದರೆ 'ಪಟ್ಟಿ ಯಾರು ಹಾಕುತ್ತಾರ್ರಿ, ಎಷ್ಟು ದಿನ ಮೊದಲು ಹಚ್ಚುತ್ತೀರಿ' ಅನ್ನಿ. ತಿಂಗಳಿಗೆ ನೈಟ್ ಎಷ್ಟು, ನೈಟ್ ಆದ ಮೇಲೆ ಬಿಡುವು ಎಷ್ಟು, ಒಬ್ಬರು ಬರದಿದ್ದರೆ ಅವರ ಜಾಗಕ್ಕೆ ಯಾರು ಅಂತ ಕೇಳಿ. ಮೂರನೇ ಪ್ರಶ್ನೆಗೆ ಮುಖ ನೋಡುತ್ತಾ ಕೂತರೆ ಆ ಜಾಗಕ್ಕೆ ನೀವೇ ಅಂತ ಅರ್ಥ. ಆಗಲೇ ಅಲ್ಲಿ ದುಡಿಯುವ ಸಿಸ್ಟರೊಬ್ಬರನ್ನು ಗೇಟಿನ ಹೊರಗೆ, ಚಹಾದ ಅಂಗಡಿಯಲ್ಲಿ ಹಿಡಿದು ಮಾತಾಡಿಸಿ. ಒಳಗೆ ಸಿಗದ ಉತ್ತರ ಅಲ್ಲಿ ಸಿಗುತ್ತದೆ. ಬಾಯಿಮಾತಿನ ಹೊತ್ತನ್ನು ನೇಮಕಾತಿ ಪತ್ರದಲ್ಲಿ ಬರೆಸಿಕೊಳ್ಳಿ. ಮಾರ್ಕ್ಸ್ ಕಾರ್ಡು, ನೋಂದಣಿ ಪತ್ರದ ಅಸಲು ಪ್ರತಿ ಕೇಳಿದರೆ ತೋರಿಸಿ, ನಕಲು ಕೊಡಿ, ಅಸಲನ್ನು ಅವರ ಕಪಾಟಿನಲ್ಲಿ ಇಟ್ಟು ಬರಬೇಡಿ. ಕಪಾಟಿನ ಕೀಲಿ ಅವರ ಹತ್ತಿರ ಇರುವ ತನಕ ಪಾಳಿಯ ಮಾತು ಆಡುವ ಧೈರ್ಯ ನಿಮಗೆ ಬರುವುದಿಲ್ಲ.

ಮನೆಯಲ್ಲಿ ಕೂತವರು ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ನವೀಕರಣ ಮಾಡಿಸಿಟ್ಟುಕೊಳ್ಳಿ. ಎರಡು ಓಣಿ ಆಚೆಯ ನರ್ಸಿಂಗ್ ಹೋಮಿನವರು ಕರೆಯುವ ತನಕ ಕಾಯುವುದು ಬೇಡ. ಹೋಗಿ ಡಾಕ್ಟರ ಸಾಹೇಬರಿಗೆ 'ಒಂಬತ್ತರಿಂದ ಮೂರರ ತನಕ ಬರ್ತೀನ್ರಿ, ದಿನಾ ಬರ್ತೀನಿ, ತಪ್ಪಸೂದಿಲ್ಲ' ಅಂತ ಹೇಳಿ ನೋಡಿ. ಹೆಚ್ಚೆಂದರೆ ಇಲ್ಲ ಅಂದಾರು. ಮುಂದಿನ ತಿಂಗಳು ಅವರ ಇಬ್ಬರಲ್ಲಿ ಒಬ್ಬಳು ಬಿಟ್ಟು ಹೋದ ದಿನ ಅವರೇ ನಿಮ್ಮ ಮನೆ ಹುಡುಕಿಕೊಂಡು ಬರುತ್ತಾರೆ.